ಶಿಖರದ ಮೇಲೊಂದು ಬಿಳಿ ಪರದೆ

"ಇನ್ನು ಮೇಲೆ ನಾನು ಮನುಷ್ಯರ ಮುಖ ತೆಗೆಯೋದಿಲ್ಲ" ಎಂದು ಸ್ಟುಡಿಯೋದ ಯಜಮಾನರು ಘೋಷಿಸಿದರು.

ಕೌಂಟರಿನ ಹಿಂದೆ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುತ್ತಿದ್ದ ಹೆಂಡತಿ ಕತ್ತರಿ ನಿಲ್ಲಿಸಲಿಲ್ಲ. ಗಂಡ ಘೋಷಣೆ ಮಾಡಿದಾಗಲೆಲ್ಲ ಕತ್ತರಿ ನಿಲ್ಲಿಸಿದ್ದರೆ ಆ ಅಂಗಡಿಯಿಂದ ಇಷ್ಟು ವರ್ಷಗಳಲ್ಲಿ ಒಂದು ಫೋಟೋವೂ ಆಚೆ ಹೋಗುತ್ತಿರಲಿಲ್ಲ.

"ಹಾಗಾದ್ರೆ ಬೆಂಚಿನ ಮೇಲೆ ಕೂತಿರೋರಿಗೆ ಏನು ಹೇಳಲಿ?"

"ಕಾಯೋಕೆ ಹೇಳು."

"ಎಲ್ಲಿವರೆಗೆ? ನಿಮ್ಮ ಮನಸ್ಸು ಬದಲಾಗೋವರೆಗಾ?"

"ಇವಳೇ, ನಾನು ತತ್ವದ ಮಾತಾಡ್ತಿದೀನಿ."

"ಧಾರಾಳವಾಗಿ ಮಾತಾಡಿ. ಮೊದಲು ಅವರನ್ನ ಮುಗಿಸಿ ಬನ್ನಿ. ಆ ಮಧ್ಯದವರಿಗೆ ಬಸ್ಸಿದೆ."

ಯಜಮಾನರು ತತ್ವವನ್ನು ಕೌಂಟರಿನ ಮೇಲೆ ಬಿಟ್ಟು ಒಳಗೆ ಹೋದರು. ಸ್ಟೂಲು, ಅದರ ಹಿಂದೆ ಬಿಳಿ ಪರದೆ, ಎರಡು ಕಡೆ ಎರಡು ಕೊಡೆದೀಪ. ಇವರ ಸಾಮ್ರಾಜ್ಯ ಅಷ್ಟೇ. ಆದರೆ ಆ ಸಾಮ್ರಾಜ್ಯದಲ್ಲಿ ಇವರು ಚಕ್ರವರ್ತಿ. ಊರಿನ ದೊಡ್ಡ ಮನುಷ್ಯರೂ ಆ ಸ್ಟೂಲಿನ ಮೇಲೆ ಕೂತ ಕ್ಷಣ ಶಾಲೆಯ ಮಕ್ಕಳಾಗಿಬಿಡುತ್ತಿದ್ದರು. "ಬೆನ್ನು ನೇರ. ಗಲ್ಲ ಕೆಳಗೆ. ಕೂದಲು ಹಿಂದಕ್ಕೆ, ಎರಡೂ ಕಿವಿ ಕಾಣಬೇಕು. ಬಾಯಿ ಮುಚ್ಚಿ. ನಗಬೇಡಿ." ನಗಿಸಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಎಷ್ಟೋ ಜನ. ನಗಬೇಡಿ ಎಂದು ಹೇಳಿಯೇ ಮನೆ ಕಟ್ಟಿಸಿದವರು ಇವರೊಬ್ಬರೇ.

ಯಜಮಾನರಿಗೆ ಈ ವೈರಾಗ್ಯ ಬಂದದ್ದಕ್ಕೆ ಕಾರಣವಿತ್ತು. ಊರಿನ ಛಾಯಾಗ್ರಾಹಕರ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ಏರ್ಪಡಿಸುತ್ತಿತ್ತು. ವರ್ಷಕ್ಕೊಮ್ಮೆ ಇವರು ತಮ್ಮ ಅತ್ಯುತ್ತಮ ಚಿತ್ರಗಳನ್ನು ಆರಿಸಿ ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ಅವು ತವರು ಬಿಟ್ಟಿರಲಾರದ ಹೊಸ ಮದುಮಗಳಂತೆ ಹೋದ ವೇಗದಲ್ಲೇ ವಾಪಸ್ಸು ಬರುತ್ತಿದ್ದವು. ಕಳೆದ ಸಲವಂತೂ ಸಂಘದ ಕಾರ್ಯದರ್ಶಿ, ಮದುವೆ ಮನೆಗಳ ಮೇಲೆ ಡ್ರೋನ್ ಹಾರಿಸಿ ಹೆಸರು ಮಾಡಿದವನು, ಖುದ್ದಾಗಿ ಬಂದು ಬಹಳ ವಿನಯದಿಂದ ಹೇಳಿದ್ದ: "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಚಿತ್ರ ನೋಡಿದ್ರೆ ಗೋಡೆಗೆ ಹಾಕೋಣ ಅನ್ನಿಸಲ್ಲ. ಅರ್ಜಿಗೆ ಅಂಟಿಸೋಣ ಅನ್ನಿಸುತ್ತೆ."

ಈ ಮಾತು ಸಂಜೆಯೊಳಗೆ ಊರು ಸುತ್ತಿತು. ಅದಕ್ಕೂ ಮೊದಲೇ ಗೆಳೆಯರ ಬಾಯಲ್ಲಿ ಇವರಿಗೆ 'ಪಾಸ್‌ಪೋರ್ಟು' ಎಂಬ ಅಡ್ಡಹೆಸರಿತ್ತು. ಈಗ ಅದಕ್ಕೆ ಸಂಘದ ಮೊಹರೂ ಬಿದ್ದಂತಾಯಿತು. ಯಜಮಾನರು ಹಲ್ಲು ಕಚ್ಚಿದರು, ವರ್ಷವಿಡೀ ಕಾದರು, ಕೊನೆಗೆ ಕಾರ್ಯದರ್ಶಿಗೆ ಫೋನ್ ಮಾಡಿ ಗುಡುಗಿದರು: "ಈ ಸಲ ಶಿಖರದ ತುದಿಯಿಂದ ಕಾಣೋ ನೋಟ ತರ್ತೀನಿ. ಬಾಗಿಲಿಗೆ ಎದುರಾಗಿರೋ ದೊಡ್ಡ ಗೋಡೆ ನನಗೆ ಬಿಡು."

"ಬಿಟ್ಟೆ ಅಣ್ಣಾ. ನಿಮ್ಮ ಹೆಸರಿನ ಫಲಕಾನೂ ಬರೆಸ್ತೀನಿ. ಸೋಮವಾರ ಬೆಳಿಗ್ಗೆ ಚಿತ್ರ ತಗೊಂಡು ಹೋಗೋಕೆ ಬರ್ತೀನಿ. ಆದ್ರೆ ಒಂದು ಮಾತು. ಆ ಗೋಡೆಗೆ ಬೇರೆಯವರು ಕೇಳಿದ್ರು, ನಿಮಗೋಸ್ಕರ ಇಲ್ಲ ಅಂದಿದೀನಿ. ನೀವು ಕೈ ಕೊಟ್ರೆ ಗೋಡೆ ಖಾಲಿ, ಕೆಳಗೆ ನಿಮ್ಮ ಹೆಸರು. ಊರೆಲ್ಲ ಅದನ್ನೇ ನೋಡ್ಕೊಂಡು ಹೋಗುತ್ತೆ."

ಫೋನಿಟ್ಟ ಮೇಲೆ ಯಜಮಾನರ ಕಣ್ಣಿಗೆ ಒಂದೇ ಕಾಣತೊಡಗಿತು: ದೊಡ್ಡ ಖಾಲಿ ಗೋಡೆ, ಅದರ ಕೆಳಗೆ ತಮ್ಮ ಹೆಸರು. ಬಿಳಿ ಹಿನ್ನೆಲೆಯಲ್ಲೇ ಬದುಕು ಸವೆಸಿದವನಿಗೆ ಇದಕ್ಕಿಂತ ಯೋಗ್ಯವಾದ ಸಮಾಧಿ ಬೇರೊಂದಿರಲಾರದು.

ಭಾನುವಾರ ಬೆಳಗಾಗುವುದರೊಳಗೆ ಸೈನ್ಯ ಸಿದ್ಧವಾಯಿತು. ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಊರಗಲದ ಲೆನ್ಸು, ಅದನ್ನು ಒರೆಸುವ ಬಟ್ಟೆ, ಆ ಬಟ್ಟೆಗೊಂದು ಡಬ್ಬಿ. ಹೆಂಡತಿ ಬಾಗಿಲಿಗೆ ಒರಗಿ ನೋಡಿದರು.

"ಬೆಟ್ಟ ನೋಡೋಕೆ ಹೋಗ್ತಿದೀರೋ, ಹೊತ್ಕೊಂಡು ಬರೋಕೆ ಹೋಗ್ತಿದೀರೋ?"

"ಸಂಜೆ ನೋಡ್ತೀಯಂತೆ."

"ನನ್ನ ತಮ್ಮನ್ನೂ ಕರ್ಕೊಂಡು ಹೋಗಿ. ನೀವು ಎಲ್ಲಾದ್ರೂ ಜಾರಿ ಬಿದ್ರೆ ಬಂದು ಹೇಳೋಕಾದ್ರೂ ಒಬ್ಬ ಬೇಕಲ್ಲ."

ಈ ತಮ್ಮನಿಗೆ ಹಾಸಿಗೆ ಅಂಗಡಿ. ದಿನವಿಡೀ ಗಿರಾಕಿಗಳಿಗೆ ಹಾಸಿಗೆಯ ಮೇಲೆ ಮಲಗಿ ತೋರಿಸಿ ತೋರಿಸಿ, ಅವನಿಗೆ ಬೆನ್ನು ಎಲ್ಲಿ ತಾಗಿದರೂ ನಿದ್ದೆ ಬರುವ ಸಿದ್ಧಿ ಒಲಿದಿತ್ತು. ಅವನ ಜೊತೆ ಇನ್ನಿಬ್ಬರು ಗೆಳೆಯರು. ಒಬ್ಬರು ಹಲ್ಲಿನ ಡಾಕ್ಟರು. ಇನ್ನೊಬ್ಬರು ಭೂಗೋಳದ ಮೇಷ್ಟ್ರು. ಮೇಷ್ಟ್ರು ಜೀವನವಿಡೀ ನಕ್ಷೆಯ ಮೇಲೆ ಕೋಲಿಟ್ಟು ಪರ್ವತಗಳನ್ನು ಪಾಠ ಮಾಡಿದವರು, ನಿಜವಾದ ಪರ್ವತಕ್ಕೆ ಕಾಲಿಡುತ್ತಿದ್ದುದು ಇದೇ ಮೊದಲು.

ಬೆಟ್ಟದ ಬುಡದಲ್ಲಿ ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಎರಡು ನಿಯಮ. ಒಂದು, ಎಲ್ಲರೂ ಫೋನ್ ಕೊಡಿ. ನನ್ನ ಚೀಲದಲ್ಲಿರುತ್ತೆ. ನಾನು ಅಲ್ಲಿ ಬೆಳಕಿಗೆ ಕಾಯ್ತಿರೋವಾಗ ನೀವು ಪಕ್ಕದಲ್ಲಿ ಟಿಕ್ ಟಿಕ್ ಅಂತ ಹೊಡೀತಾ ಕೂತ್ರೆ ನನಗೆ ಏಕಾಗ್ರತೆ ಇರೋದಿಲ್ಲ. ಇವತ್ತು ಚಿತ್ರ ತೆಗೆಯೋನು ಒಬ್ಬನೇ."

"ಎರಡನೇದು?" ಎಂದರು ಡಾಕ್ಟರು.

"ಇವತ್ತಿನಿಂದ ನನ್ನನ್ನ ಯಾರೂ ಆ ಹೆಸರಲ್ಲಿ ಕರೀಬಾರದು. ಕರೆದ್ರೆ ನಾನು ಓಗೊಡೋದಿಲ್ಲ. ಬೆಂಕಿ ಬಿದ್ದಿದೆ ಅಂದ್ರೂ ತಿರುಗಿ ನೋಡೋದಿಲ್ಲ."

"ಸರಿ ಕಣೋ ಪಾಸ್‌ಪೋರ್ಟು" ಎಂದರು ಡಾಕ್ಟರು. ಯಜಮಾನರು ಕಿವುಡರಂತೆ ಮುಂದೆ ನಡೆದರು. ಬೆಟ್ಟ ಶುರುವಾಯಿತು.

ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರು ಹತ್ತಿರದ ಬೆಟ್ಟದ ಬಗ್ಗೆ ಏನೂ ಹೇಳದೆ ಹೋದದ್ದು ಮೋಸ. ಮೊದಲ ಏರಿನಲ್ಲೇ ಯಜಮಾನರ ಉಸಿರು ಅವರಿಗಿಂತ ಮುಂದೆ ಹೋಯಿತು. ಎರಡನೆಯ ಏರಿನಲ್ಲಿ ಮೂರು ಕಾಲಿನ ಸ್ಟ್ಯಾಂಡು ಡಾಕ್ಟರ ಹೆಗಲೇರಿತು. ಮೂರನೆಯದರಲ್ಲಿ ಲೆನ್ಸಿನ ಚೀಲ ಭಾವಮೈದನ ಪಾಲಾಯಿತು. ಅವನು ಅದನ್ನು ದಿಂಬು ಮಾಡಿಕೊಂಡು ಬಂಡೆಯ ಮೇಲೆ ಮಲಗಿದ್ದನ್ನು ಕಂಡು ವಾಪಸ್ಸು ಕಿತ್ತುಕೊಳ್ಳಬೇಕಾಯಿತು. ಮೇಷ್ಟ್ರು ಮಾತ್ರ ಕಲ್ಲು ಕಂಡಲ್ಲೆಲ್ಲ ನಿಂತು ಅದರ ಕುಲಗೋತ್ರ ವಿಚಾರಿಸುತ್ತ, ದಾರಿಯುದ್ದಕ್ಕೂ ತರಗತಿ ನಡೆಸುತ್ತ ಬಂದರು.

ಅರ್ಧ ದಾರಿಯಲ್ಲಿ ಒಂದು ತಿರುವು. ಕೆಳಗೆ ಕಣಿವೆ ಬಟ್ಟಲಿನಂತೆ ತೆರೆದುಕೊಂಡಿತ್ತು.

"ತೆಗಿಯಯ್ಯಾ, ಚೆನ್ನಾಗಿದೆ" ಎಂದರು ಮೇಷ್ಟ್ರು.

ಯಜಮಾನರು ಕ್ಯಾಮೆರಾ ಎತ್ತಿದರು. ಎತ್ತಿದವರು ಎತ್ತಿದಂತೆಯೇ ನಿಂತರು. ಜೀವಮಾನವಿಡೀ ಅವರು ಮೊದಲು ಕಣ್ಣು ಹುಡುಕಿ, ಆ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಉಳಿದದ್ದು ನೋಡುತ್ತಿದ್ದವರು. ಕಣಿವೆಗೆ ಕಣ್ಣೆಲ್ಲಿದೆ? ಎಡಗಡೆ ಹುಡುಕಿದರು, ಬಲಗಡೆ ಹುಡುಕಿದರು. ಕಿವಿಗಳಂತೆ ಕಂಡ ಎರಡು ಗುಡ್ಡಗಳ ನಡುವೆ ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರು. ಮುಖ ತೆಗೆಯುವ ಕೈಗೆ ಅಭ್ಯಾಸವಾಗಿದ್ದದ್ದು ಅದೊಂದೇ. ಕಣಿವೆ ಎರಡೂ ಕಡೆ ಕತ್ತರಿಸಿಕೊಂಡು, ಅರ್ಧ ಮರ, ಅರ್ಧ ಆಕಾಶವಾಗಿ ಉಳಿಯಿತು.

"ಯಾಕೆ ತೆಗೀಲಿಲ್ಲ?" ಎಂದರು ಡಾಕ್ಟರು.

"ಇಂಥದ್ದು ಯಾರು ಬೇಕಾದ್ರೂ ತೆಗೀತಾರೆ" ಎಂದರು ಯಜಮಾನರು, ಕ್ಯಾಮೆರಾ ಚೀಲಕ್ಕೆ ಸೇರಿಸುತ್ತ. "ಅರ್ಧ ದಾರಿಯ ನೋಟ ಅರ್ಧ ಮನುಷ್ಯರಿಗೆ. ನನಗೆ ತುದಿಯೇ ಬೇಕು."

ತುದಿಗೇರಿದರು. ಅಲ್ಲಿ ನೋಟವೇ ಇರಲಿಲ್ಲ.

ಮಂಜು. ಎಡಕ್ಕೆ ಮಂಜು, ಬಲಕ್ಕೆ ಮಂಜು, ಮೇಲೆ ಕೆಳಗೆ ಮಂಜು. ಕಾಲ ಕೆಳಗಿನ ಬಂಡೆಯೊಂದನ್ನು ಬಿಟ್ಟರೆ ಜಗತ್ತನ್ನು ಯಾರೋ ಅಳಿಸಿಹಾಕಿದ್ದರು. ಅಲ್ಲೇ ಯಾವುದೋ ಕಚೇರಿಯ ಗುಂಪೊಂದು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಬಿಸ್ಕತ್ತು ತಿನ್ನುತ್ತ ಮುಖ ಬಾಡಿಸಿ ಕೂತಿತ್ತು. ಭಾವಮೈದ ಬಂಡೆಯ ಮರೆ ಹುಡುಕಿ ಮಲಗಿದ. ಉಳಿದವರು ಬ್ರೆಡ್ಡು ಬಿಚ್ಚಿದರು. ಯಜಮಾನರು ಬ್ರೆಡ್ಡು ಬಾಯಿಗಿಟ್ಟುಕೊಂಡು ಕೂತರು. ಮಂಜನ್ನು ನೋಡಿದಷ್ಟೂ ಅವರಿಗೆ ಸಂಘದ ಖಾಲಿ ಗೋಡೆಯೇ ಕಾಣುತ್ತಿತ್ತು.

"ಕರಗುತ್ತೆ ಬಿಡು" ಎಂದು ಡಾಕ್ಟರು ಎದ್ದು ಬಂಡೆಯ ಅಂಚಿಗೆ ಹೋಗಿ ಮೈಮುರಿದರು.

ಯಜಮಾನರು ತಲೆ ಎತ್ತಿದರು. ಬಾಯಲ್ಲಿದ್ದ ಬ್ರೆಡ್ಡು ಬಾಯಲ್ಲೇ ಉಳಿಯಿತು.

ಡಾಕ್ಟರ ಹಿಂದೆ ಶುದ್ಧ ಬಿಳುಪು. ಮಡಿಕೆಯಿಲ್ಲ, ಕಲೆಯಿಲ್ಲ, ಸುಕ್ಕಿಲ್ಲ. ಎಲ್ಲ ಕಡೆಯಿಂದಲೂ ಸಮನಾಗಿ ಬರುವ ಮೆದು ಬೆಳಕು. ಎಲ್ಲಕ್ಕಿಂತ ಮುಖ್ಯವಾಗಿ, ಕಿವಿಯ ಹಿಂದೆ ನೆರಳಿರಲಿಲ್ಲ. ಆ ಕಿವಿಯ ನೆರಳು ಯಜಮಾನರ ಜನ್ಮವೈರಿ. ದೀಪ ಸರಿಸಿದರು, ಪರದೆ ಬದಲಿಸಿದರು, ಗಿರಾಕಿಗಳನ್ನು ಗೋಡೆಯಿಂದ ಮುಂದಕ್ಕೆಳೆದರು. ಏನು ಮಾಡಿದರೂ ಅದು ಒಂದಲ್ಲ ಒಂದು ಕಿವಿಯ ಹಿಂದೆ ಬಂದು ಅಡಗಿ ಕೂರುತ್ತಿತ್ತು. ಇಲ್ಲಿ ಅದರ ಸುಳಿವೇ ಇಲ್ಲ. ಲೋಕವನ್ನೇ ಸ್ಟುಡಿಯೋ ಮಾಡಿ ಯಾರೋ ತಮಗಾಗಿ ಪರದೆ ಎಳೆದಿದ್ದಾರೆ ಅನ್ನಿಸಿತು ಅವರಿಗೆ.

"ಅಲ್ಲೇ ನಿಲ್ಲು" ಎಂದರು, ಕ್ಯಾಮೆರಾಕ್ಕೆ ಕೈ ಹಾಕುತ್ತ. "ಅಲ್ಲಾಡಬೇಡ. ಗಲ್ಲ ಕೆಳಗೆ."

"ಮುಖ ತೆಗೆಯೋದಿಲ್ಲ ಅಂದಿದ್ಯಲ್ಲ?"

"ಒಂದೇ ಒಂದು. ಬೆಳಕು ಪರೀಕ್ಷೆ ಮಾಡೋಕೆ. ಬಾಯಿ ಮುಚ್ಚು."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಬೆಟ್ಟ ಹತ್ತಿಸಿದರಂತೂ ಇನ್ನೂ ಗಟ್ಟಿಯಾಗುತ್ತದೆ. ಡಾಕ್ಟರಾದ ಮೇಲೆ ಮೇಷ್ಟ್ರು ನಿಂತರು. ಮೇಷ್ಟ್ರ ಚಿತ್ರವನ್ನು ಕ್ಯಾಮೆರಾದ ಹಿಂದೆ ಇಣುಕಿ ನೋಡಿದ ಟೋಪಿ ಗುಂಪಿನ ಹೆಂಗಸೊಬ್ಬರು, "ಅಯ್ಯೋ, ಎಷ್ಟು ಚೆನ್ನಾಗಿ ಬಂದಿದೆ. ಸರ್, ನಮ್ಮ ಕಚೇರಿ ಗುರುತಿನ ಚೀಟಿಗೆ ಹೊಸ ಫೋಟೋ ಬೇಕು ಅಂತ ತಲೆ ತಿಂತಿದಾರೆ. ನನ್ನದೊಂದು ತೆಗೀತೀರಾ?" ಎಂದರು. ತೆಗೆದರು. ಅವರ ಹಿಂದೆ ಅವರ ಸಹೋದ್ಯೋಗಿ, ಸಹೋದ್ಯೋಗಿಯ ಹಿಂದೆ ಅವರ ಮೇಲಧಿಕಾರಿ. ಹೀಗೆ ಮೋಡಗಳಿಗೆ ತಲೆ ತಾಗುವ ಆ ಶಿಖರದ ಮೇಲೆ, ಮನುಷ್ಯ ಎಲ್ಲ ಬಿಟ್ಟು ಹೋಗುವ ಆ ಎತ್ತರದಲ್ಲಿ, ಪಾಸ್‌ಪೋರ್ಟ್ ಫೋಟೋಗೆ ಸಾಲು ನಿಂತಿತು.

"ಟೋಪಿ ತೆಗೀರಿ. ಕಿವಿ ಕಾಣಲಿ. ನಗಬೇಡಿ. ಮುಂದಿನವರು."

ಸಾಲು ಮುಗಿಯುವ ಹೊತ್ತಿಗೆ ಭಾವಮೈದ ಕಣ್ಣುಜ್ಜಿಕೊಂಡು ಎದ್ದು ಬಂದ. "ಎಲ್ಲರದೂ ಆಯ್ತಾ? ನಂದೂ ಒಂದು ತೆಗೀರಿ ಭಾವ. ಅಂಗಡಿ ಲೈಸೆನ್ಸಿಗೆ ಬೇಕು."

"ಮುಖದ ಮೇಲೆ ಬಂಡೆಯ ಅಚ್ಚಿದೆ. ಇರಲಿ, ನಿಮ್ಮಕ್ಕ ಕಂಪ್ಯೂಟರಿನಲ್ಲಿ ಸರಿ ಮಾಡ್ತಾಳೆ. ನಿಲ್ಲು. ಗಲ್ಲ ಕೆಳಗೆ."

ಅವನು ಗಲ್ಲ ಕೆಳಗಿಟ್ಟ. ಆಗ ಗಾಳಿ ಎದ್ದಿತು.

ಗಾಳಿ ಬಂದದ್ದು ಯಜಮಾನರ ಬೆನ್ನ ಕಡೆಯಿಂದ. ಭಾವಮೈದನ ಹಿಂದಿನ ಮಂಜು ಕಲ್ಲಿನ ಗೋಡೆಯ ಹಾಗೆ ಅಲ್ಲೇ ನಿಂತಿತ್ತು. ಯಜಮಾನರ ಹಿಂದಿನ ಮಂಜು ಮಾತ್ರ, ನಾಟಕದ ಪರದೆಯನ್ನು ಹಗ್ಗ ಎಳೆದು ಸರಿಸಿದಂತೆ, ಒಂದೇ ಸಲ ಸರಿದುಹೋಯಿತು.

ಭಾವಮೈದನ ಕಣ್ಣುಗಳು ಮೆಲ್ಲಗೆ ಅಗಲವಾದವು.

"ಕಣ್ಣು ಅಷ್ಟು ಬಿಡಬೇಡ" ಎಂದರು ಯಜಮಾನರು. "ಕಳ್ಳನ ಹಾಗೆ ಕಾಣ್ತೀಯ."

"ಭಾವ..."

"ಬಾಯಿ ಮುಚ್ಚು. ತುಟಿ ಅಲ್ಲಾಡುತ್ತೆ."

"ಭಾವ, ಹಿಂದೆ..."

"ಹಿಂದೆ ಏನೂ ಇಲ್ಲ, ಪೂರ್ತಿ ಬಿಳುಪು, ನಾನು ನೋಡ್ತಾ ಇದೀನಲ್ಲ. ನೆಟ್ಟಗೆ ನಿಲ್ಲು."

ಪಕ್ಕದಲ್ಲಿ ನಿಂತಿದ್ದ ಟೋಪಿ ಗುಂಪಿನಿಂದ "ಆಹಾ" ಎಂಬ ಉದ್ಗಾರ ಒಕ್ಕೊರಲಿನಿಂದ ಬಂತು. ಯಜಮಾನರಿಗೆ ಎದೆ ತುಂಬಿತು. ಇಷ್ಟು ವರ್ಷ ಈ ಕಸುಬಿನಲ್ಲಿ ಯಾರೂ ತಮಗೆ ಆಹಾ ಅಂದಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಗುಂಪಿನವರೆಲ್ಲ ಫೋನ್ ಎತ್ತಿ ತಮ್ಮ ಕಡೆಗೇ ಹಿಡಿದಿದ್ದಾರೆ. ಯಜಮಾನರು ಹೊಟ್ಟೆಯನ್ನು ಒಳಗೆಳೆದುಕೊಂಡು, ಕತ್ತನ್ನು ಕಲಾವಿದನ ಕೋನದಲ್ಲಿ ಓರೆ ಮಾಡಿ, "ಇರಲಿ, ಇರಲಿ, ಅಭ್ಯಾಸಬಲ ಅಷ್ಟೇ" ಎಂದರು.

"ಪಾಸ್‌ಪೋರ್ಟು, ತಿರುಗೋ!" ಎಂದು ಬಂಡೆಯ ಆ ಬದಿಯಿಂದ ಡಾಕ್ಟರು ಕೂಗಿದರು.

ಯಜಮಾನರು ಕೇಳಿಸಿಕೊಂಡರು. ಕೇಳಿಸಿಕೊಂಡು ಹಟದಿಂದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಕ್ಯಾಮೆರಾಕ್ಕೆ ಒತ್ತಿದರು. ಮಾತು ಅಂದರೆ ಮಾತು.

"ಲೋ ಪಾಸ್‌ಪೋರ್ಟು, ನಿನ್ನ ಕಾಲಿಗೆ ಬೀಳ್ತೀನಿ, ಹಿಂದೆ ನೋಡೋ."

ಕಾಲಿಗೆ ಬಿದ್ದರೂ ಇಲ್ಲ. ಡಾಕ್ಟರು ಮೇಷ್ಟ್ರ ತೋಳು ಹಿಡಿದು ಅಲ್ಲಾಡಿಸಿದರು. "ಮೇಷ್ಟ್ರೇ, ಇವನ ನಿಜವಾದ ಹೆಸರೇನು?"

ಮೇಷ್ಟ್ರ ಬಾಯಿ ತೆರೆದುಕೊಂಡೇ ಇತ್ತು, ಮಾತು ಹೊರಡಲಿಲ್ಲ. ನಕ್ಷೆಯಲ್ಲಿ ನೀಲಿ ಗೆರೆಯಾಗಿದ್ದ ನದಿ ಕೆಳಗೆ ನಿಜವಾಗಿ ಹೊಳೆಯುತ್ತ ತಿರುಗುವುದನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದರು. ಹಾಜರಿ ಕೂಗುವುದರಲ್ಲೇ ಮುದುಕರಾದವರಿಗೆ ಗೆಳೆಯನ ಹೆಸರೊಂದು ಹೊಳೆಯಲಿಲ್ಲ.

ಇತ್ತ ಯಜಮಾನರು ಭಾವಮೈದನನ್ನು ಮತ್ತೆ ಮತ್ತೆ ತೆಗೆಯುತ್ತಿದ್ದರು. ಪ್ರತಿ ಸಲವೂ ಕಣ್ಣು ಜಾಸ್ತಿ ತೆರೆದುಕೊಳ್ಳುತ್ತಿತ್ತು. ಒಂದು ಸಲವಂತೂ ಅದರಲ್ಲಿ ನೀರೂ ಬಂತು. "ಅಳುವಂಥದ್ದೇನಾಯ್ತೋ? ಫೋಟೋ ತಾನೇ" ಎಂದು ಸಮಾಧಾನ ಮಾಡಿ, ಕಾಲರು ಸರಿಪಡಿಸಿ, ಕೂದಲು ಹಿಂದೆ ಬಾಚಿ, ಕಡೆಯ ಬಾರಿ ಗುಂಡಿ ಒತ್ತಿ, ಕ್ಯಾಮೆರಾ ಇಳಿಸಿದರು.

"ಮುಗೀತು. ಈಗ ಹೇಳು, ಏನದು ನಿನ್ನ ಗೋಳು?"

ಭಾವಮೈದ ಬೆರಳು ತೋರಿಸಿದ. ಯಜಮಾನರು ತಿರುಗಿದರು. ಮಂಜಿನ ಎರಡು ತುದಿಗಳು ಆಗಷ್ಟೇ ಒಂದನ್ನೊಂದು ಮುಟ್ಟಿ ಕೂಡಿಕೊಂಡವು.

"ಏನಿದೆ ಅಲ್ಲಿ?"

"ಇತ್ತು, ಭಾವ."

ಆಮೇಲೆ ಅವರು ಕಾದರು. ಟೋಪಿ ಗುಂಪು ಕೈಕುಲುಕಿ, ಧನ್ಯವಾದ ಹೇಳಿ, ಫೋನ್ ನೋಡಿ ನೋಡಿ ನಗುತ್ತ ಇಳಿದುಹೋಯಿತು. ಬೆಳಕು ಇಳಿಯಿತು. ಮಂಜು ಕದಲಲಿಲ್ಲ. ಕೊನೆಗೆ ನಾಲ್ವರೂ ಇಳಿಯತೊಡಗಿದಾಗ ಮೇಷ್ಟ್ರಿಗೆ ಮಾತು ಮರಳಿತ್ತು. ನದಿ ಎಲ್ಲಿ ಬಾಗಿತ್ತು, ಅದರ ಆಚೆ ಎಷ್ಟು ಬೆಟ್ಟ ಒಂದರ ಹಿಂದೊಂದು ಹೇಗೆ ತೆಳುವಾಗುತ್ತ ಹೋಗಿದ್ದವು, ಮೋಡದ ನೆರಳು ಹೊಲಗಳ ಮೇಲೆ ಹೇಗೆ ಓಡುತ್ತಿತ್ತು ಎಂದು ಬುಡ ಮುಟ್ಟುವವರೆಗೂ ವರ್ಣಿಸಿದರು.

"ಸಾಕು ಮೇಷ್ಟ್ರೇ" ಎಂದು ಡಾಕ್ಟರು ಒಂದೆರಡು ಸಲ ತಡೆದು ನೋಡಿದರು.

"ಪಾಪ, ಅವನು ನೋಡಿಲ್ಲವಲ್ಲ ಅಂತ ಹೇಳ್ತಿದೀನಿ" ಎಂದರು ಮೇಷ್ಟ್ರು.

ಸೋಮವಾರ ಬೆಳಿಗ್ಗೆ ಯಜಮಾನರು ಸ್ಟುಡಿಯೋದ ಒಳಕೋಣೆಯಲ್ಲಿ, ತಮ್ಮದೇ ಸ್ಟೂಲಿನ ಮೇಲೆ, ಗಲ್ಲ ಕೆಳಗಿಟ್ಟು, ಬಾಯಿ ಮುಚ್ಚಿ ಕೂತಿದ್ದರು. ನಗುವ ಪ್ರಶ್ನೆಯೇ ಇರಲಿಲ್ಲ. ಹೊರಗೆ ಹೆಂಡತಿ ಕಂಪ್ಯೂಟರಿನ ಮುಂದೆ.

"ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ಕೇಳಿದ್ದೆ" ಎಂದರು ಆಕೆ. "ನೀವು ಬೆಟ್ಟ ಹತ್ತಿ ಗಿರಾಕಿ ಹಿಡಿದಿದೀರ. ಆ ಟೋಪಿಯವರ ಹತ್ರಾನೇ ಒಂದು ನೋಟ ಕೇಳಿ ತಗೋಬಹುದಿತ್ತಲ್ಲ?"

"ಬೇರೆಯವರ ಚಿತ್ರ ನನ್ನ ಹೆಸರಲ್ಲಾ? ಅದಕ್ಕಿಂತ ಖಾಲಿ ಗೋಡೆಯೇ ಮೇಲು." ಒಳಗಿನಿಂದ ಬಂದ ಧ್ವನಿಯಲ್ಲಿ ಜಂಬ ಇರಲಿಲ್ಲ, ನಿಜವಾದ ನೋವಿತ್ತು. ಹೆಂಡತಿ ತಮ್ಮನ ಫೋಟೋ ತೆರೆದರು.

ಕಾರ್ಯದರ್ಶಿ ಬಂದ. ಕೌಂಟರಿನ ಮೇಲೆ ಮೊಣಕೈಯಿಟ್ಟು, "ಎಲ್ಲಿ ಅಕ್ಕಾ, ನಮ್ಮ ಶಿಖರ?" ಎಂದ.

"ಕೂತ್ಕೋ. ತಮ್ಮನ ಫೋಟೋ ಒಂದು ಮುಗಿಸ್ತೀನಿ" ಎಂದರು ಆಕೆ.

ಆಕೆ ಕೆಲಸ ಮಾಡುವ ಕ್ರಮ ಹೀಗೆ. ಯಾವ ಮುಖವೇ ಬರಲಿ, ಮೊದಲು ಕಣ್ಣನ್ನು ಪರದೆಯ ತುಂಬ ದೊಡ್ಡದು ಮಾಡುವುದು, ಸ್ಟುಡಿಯೋ ದೀಪದ ಬಿಳಿ ಚುಕ್ಕೆ ಕಣ್ಣುಗುಡ್ಡೆಯ ಮೇಲೆ ಬಿದ್ದಿದ್ದರೆ ಅಳಿಸುವುದು, ಆಮೇಲೆ ಮೊಡವೆ ಮಚ್ಚೆಗಳ ವಿಚಾರ. ಅಭ್ಯಾಸದಂತೆ ತಮ್ಮನ ಕಣ್ಣನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಕೈ ನಿಂತಿತು.

"ರೀ, ಬನ್ನಿ ಇಲ್ಲಿ."

"ನಾನು ಬರಲ್ಲ."

"ನೋಟ ಬಂದಿದೆ, ಬನ್ನಿ ರೀ."

ಯಜಮಾನರು ಬಂದರು. ಕಾರ್ಯದರ್ಶಿ ಆಗಲೇ ಕೌಂಟರ್ ದಾಟಿ ಒಳಗೆ ಬಂದಿದ್ದ. ಪರದೆಯ ತುಂಬ ಒಂದೇ ಒಂದು ಕಣ್ಣು, ನೀರು ತುಂಬಿ ಕನ್ನಡಿಯಾಗಿದ್ದ ಕಣ್ಣು. ಅದರ ಕರಿಗುಡ್ಡೆಯ ಗುಂಡಿನಲ್ಲಿ ಆಕಾಶ ಬಾಗಿತ್ತು. ಬೆಟ್ಟಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗಿದ್ದವು. ಕೆಳಗೆ ಎಲ್ಲೋ ಕೂದಲೆಳೆಯಷ್ಟು ನದಿ ಹೊಳೆಯುತ್ತಿತ್ತು. ಯಜಮಾನರು ತಮ್ಮ ಶಿಖರದ ನೋಟವನ್ನು ಮೊದಲ ಸಲ ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣೂ ಅಷ್ಟೇ ಅಗಲವಾಯಿತು, ಬಾಯಿ ತೆರೆದುಕೊಂಡಿತು. ಬಾಯಿ ಮುಚ್ಚಿ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

"ನಮ್ಮಪ್ಪನ ಮನೆಯವರ ಕಣ್ಣು ಮೊದಲಿಂದಾನೂ ದೊಡ್ಡದು" ಎಂದರು ಹೆಂಡತಿ, ತವರಿನ ಕೀರ್ತಿಯನ್ನು ಸಂದರ್ಭ ಬಿಡದೆ ದಾಖಲಿಸುತ್ತ.

ಕಾರ್ಯದರ್ಶಿ ಪರದೆಯ ಕಡೆ ಬಾಗಿದ. ಮದುವೆ ಮನೆಗಳ ಮೇಲೆ ಎಷ್ಟು ಡ್ರೋನ್ ಹಾರಿಸಿದ್ದರೂ ಅವನಿಗೆ ಇಂಥದ್ದೊಂದು ಸಿಕ್ಕಿರಲಿಲ್ಲ. "ಅಣ್ಣಾ, ಇದನ್ನೇ ಕೊಡಿ. ಈ ಕಣ್ಣು ಗೋಡೆಯಷ್ಟಗಲ ಮುದ್ರಿಸ್ತೀನಿ. ಜನ ಬಾಗಿಲಲ್ಲೇ ನಿಂತುಬಿಡ್ತಾರೆ" ಎಂದ.

ಯಜಮಾನರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಗೋಡೆ ತುಂಬಿತು. ಹೆಸರು ಉಳಿಯಿತು. ಅಡ್ಡಹೆಸರು ಇಂದಿಗೆ ಅಳಿಯಿತು.

ಕಾರ್ಯದರ್ಶಿ ಪರದೆಗೆ ಇನ್ನಷ್ಟು ಹತ್ತಿರ ಬಾಗಿ ಬೆರಳಿಟ್ಟ. ಬೆಟ್ಟ, ನದಿ, ಆಕಾಶ ಎಲ್ಲದರ ನಟ್ಟನಡುವೆ, ನೋಟದ ಮುಕ್ಕಾಲು ಭಾಗವನ್ನು ಮರೆ ಮಾಡಿಕೊಂಡು, ಮೊಣಕೈ ಎರಡೂ ಕಡೆ ಚಾಚಿ, ಹೊಟ್ಟೆ ಒಳಗೆಳೆದುಕೊಂಡು ಒಂದು ಕಪ್ಪು ಆಕೃತಿ ನಿಂತಿತ್ತು.

"ಒಂದೇ ತೊಂದರೆ ಅಕ್ಕಾ. ಮಧ್ಯದಲ್ಲಿ ಅಡ್ಡ ನಿಂತಿದಾನಲ್ಲ ಈ ಮನುಷ್ಯ, ಇವನನ್ನ ಸ್ವಲ್ಪ ಪಕ್ಕಕ್ಕೆ ಸರಿಸೋಕಾಗುತ್ತಾ?"

ಹೆಂಡತಿ ಗಂಡನ ಮುಖ ನೋಡಿದರು, ಪರದೆ ನೋಡಿದರು.

"ಮದುವೆಯಾದಾಗಿಂದ ಪ್ರಯತ್ನ ಮಾಡ್ತಿದೀನಿ ಕಣಪ್ಪಾ" ಎಂದರು. "ಸರಿಯೋ ಪೈಕಿ ಅಲ್ಲ."